ಅಪ್‌ಡೇಟ್: ಬ್ಯಾಶ್ ಬೇರೆ ಮನೆಯಲ್ಲಿತ್ತು

ಲಿನಕ್ಸ್‌ನಲ್ಲಿ ಸಲೀಸಾಗಿ ಓಡುವ ಬ್ಯಾಕಪ್ ಸ್ಕ್ರಿಪ್ಟ್ ಫ್ರೀಬಿಎಸ್‌ಡಿಯಲ್ಲಿ (ಯುನಿಕ್ಸ್ ಮಾದರಿಯ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಮಾತ್ರ 'ನಾಟ್ ಫೌಂಡ್' ಅನ್ನುತ್ತಿದೆ ಎಂದು ಕೇಳಿದ್ದೆನಲ್ಲ, ಬಗೆಹರಿಯಿತು. ಸ್ಕ್ರಿಪ್ಟ್ ಕಣ್ಣೆದುರೇ ಇತ್ತು. ಇಲ್ಲದಿದ್ದದ್ದು ಅದರ ಮೊದಲ ಸಾಲಿನಲ್ಲಿದ್ದ /ಬಿನ್/ಬ್ಯಾಶ್, ಅಂದರೆ ಸ್ಕ್ರಿಪ್ಟನ್ನು ಓದಿ ಓಡಿಸುವ ಪ್ರೋಗ್ರಾಂ!

ಅಲ್ಲಿ ಮೂಲ ಸಿಸ್ಟಮ್ ಬೇರೆ, ನಾವು ಹಾಕಿಕೊಂಡ ಪ್ಯಾಕೇಜ್ ಬೇರೆ; ಬ್ಯಾಶ್ ಕೂಡ ಅಲ್ಲಿ ಪ್ಯಾಕೇಜೇ. ಪ್ಯಾಕೇಜ್‌ಗಳೆಲ್ಲ /ಯುಎಸ್‌ಆರ್/ಲೋಕಲ್ ಒಳಗೆ, ಅವುಗಳ ಕಾನ್ಫಿಗ್ ಕೂಡ ಅದರೊಳಗಿನ ಇಟಿಸಿಯಲ್ಲಿ. ಇದು ಗೊತ್ತಿಲ್ಲದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ಕಾನ್ಫಿಗ್‌ಗಾಗಿ /ಇಟಿಸಿಯಲ್ಲಿ ತಡಕಾಡಿ ಸುಮ್ನೆ ಒಂದು ಸಂಜೆ ಹಾಳು ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ಈ ವಿಂಗಡಣೆಯೇ ನನಗೆ ಜಾಸ್ತಿ ಹಿಡಿಸಿತು.

ಮೊದಲ ಸಾಲನ್ನು '/ಯುಎಸ್‌ಆರ್/ಬಿನ್/ಎನ್ವ್ ಬ್ಯಾಶ್' ಎಂದು ಬದಲಿಸಿದೆ; ಬ್ಯಾಶ್ ಎಲ್ಲಿದೆ ಎಂದು ಎನ್ವ್ ಹುಡುಕಿಕೊಳ್ಳುತ್ತದೆ. ಈಗ ಎರಡೂ ಕಡೆ ಓಡುತ್ತಿದೆ. ಅದೇ ಬಳಗದ ನೆಟ್‌ಬಿಎಸ್‌ಡಿಯಲ್ಲಿ ಪ್ಯಾಕೇಜ್‌ಗಳು /ಯುಎಸ್‌ಆರ್/ಪಿಕೆಜಿಯಲ್ಲಂತೆ. ಹೊಸ ಸಿಸ್ಟಮ್ ಸಿಕ್ಕರೆ ಇನ್ನು ಮೊದಲು 'ಮ್ಯಾನ್ ಹಿಯರ್' (ಯಾವ ಫೋಲ್ಡರ್‌ನಲ್ಲಿ ಏನಿದೆ ಎಂದು ಹೇಳುವ ಕೈಪಿಡಿ ಪುಟ) ಓದುತ್ತೇನೆ.