ಬೀಗ ಹಾಕಿದ ಕಡತ, ಬಯಲಿಗೆ ಬಿದ್ದ ಲಿಂಕ್: ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಎನ್‌ಕ್ರಿಪ್ಟ್ ಆದ (ಕೀಲಿಯಿಲ್ಲದೆ ಓದಲಾಗದಂತೆ ಮಾಡಿದ) ಕ್ಲೌಡ್‌ನಲ್ಲಿ ಕಡತಗಳನ್ನು ಹಂಚಿಕೊಳ್ಳುವುದು, ಬಳಕೆದಾರರ ಖಾಸಗಿತನ, ಹಕ್ಕುಸ್ವಾಮ್ಯ ಕಾನೂನಿನ ಜಾರಿ, ಈ ಮೂರೂ ಒಂದಕ್ಕೊಂದು ತಾಗುವ ಕಡೆ ಏಳುವ ಪ್ರಶ್ನೆಗಳಿಗೆ ನಮ್ಮ ಗುಂಪಿನ ಸದಸ್ಯರೂ ತಂತ್ರಜ್ಞಾನ ಕಾನೂನಿನ ವಕೀಲರೂ ಆದವರು ಇಲ್ಲಿ ಉತ್ತರಿಸುತ್ತಾರೆ. ವಿಷಯವೇ ಖಾಸಗಿತನದ್ದಾದ್ದರಿಂದ ಹೆಸರಿನ ಬದಲು ನಿಮ್ಮ ವೃತ್ತಿಯನ್ನಷ್ಟೇ ಬರೆದರೆ ಸಾಕು.

ವಿದ್ಯಾರ್ಥಿ: ನಮಸ್ಕಾರ ಮೇಡಂ. ಎನ್‌ಕ್ರಿಪ್ಟ್ ಮಾಡಿಟ್ಟ ಕಡತದಲ್ಲಿ ಏನಿದೆ ಎಂಬುದು ಕಂಪನಿಗೇ ತಿಳಿಯುವುದಿಲ್ಲ ಎನ್ನುತ್ತಾರೆ. ಹಾಗಿದ್ದ ಮೇಲೆ ಹಕ್ಕುದಾರರು ದೂರು ಕೊಟ್ಟ ತಕ್ಷಣ ಅದೇ ಕಡತವನ್ನು ಕಂಪನಿ ತೆಗೆದುಹಾಕುವುದು ಹೇಗೆ?

ವಕೀಲರು: ನಮಸ್ಕಾರ. ಕೀಲಿ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಸಾಮಾನ್ಯ ಕ್ಲೌಡ್‌ನಲ್ಲಿ ಕೀಲಿ ಕಂಪನಿಯ ಬಳಿಯೇ ಇರುವುದರಿಂದ, ನಿಮ್ಮ ಕಡತದ ಒಳವಿಷಯದಿಂದ ಲೆಕ್ಕ ಹಾಕಿದ ಹ್ಯಾಶ್ ಗುರುತನ್ನು ಹಿಂದೆ ದೂರು ಬಂದ ಕಡತಗಳ ಗುರುತಿನೊಂದಿಗೆ ಅದು ಹೋಲಿಸಿ ನೋಡಬಲ್ಲದು. ಡ್ರಾಪ್‌ಬಾಕ್ಸ್ ಹೀಗೆ ಮಾಡುತ್ತದೆ ಎಂಬುದು 2014ರಲ್ಲಿ ಒಬ್ಬ ಬಳಕೆದಾರರ ಹಂಚಿಕೆ ತಡೆಯಲ್ಪಟ್ಟಾಗ ಎಲ್ಲರಿಗೂ ತಿಳಿಯಿತು. 2013ರ ಜನವರಿ 19ರಂದು ಆರಂಭವಾದ ಮೆಗಾದಂಥ ಸೇವೆಯಲ್ಲಾದರೆ ಕಡತವು ನಿಮ್ಮ ಬ್ರೌಸರ್‌ನಲ್ಲೇ ಎನ್‌ಕ್ರಿಪ್ಟ್ ಆಗಿ ಹೊರಡುತ್ತದೆ, ಕೀಲಿಯು ಹಂಚುವ ಲಿಂಕ್‌ನ ಕೊನೆಯ ಭಾಗದಲ್ಲಿ ಇರುತ್ತದೆ, ಮತ್ತು ಆ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳುಹಿಸುವುದಿಲ್ಲ. ಆದರೆ ಆ ಪೂರ್ಣ ಲಿಂಕನ್ನು ನೀವು ಬಹಿರಂಗವಾಗಿ ಹಾಕಿದರೆ ಕೀಲಿಯನ್ನೂ ಹಾಕಿದಂತೆಯೇ. ಹಕ್ಕುದಾರರು ಅದನ್ನು ತೆರೆದು ನೋಡಿ, ಅದೇ ಲಿಂಕನ್ನು ದೂರಿನಲ್ಲಿ ಬರೆಯುತ್ತಾರೆ. ಲಿಂಕನ್ನು ನಿಲ್ಲಿಸಲು ಕಂಪನಿ ಕಡತವನ್ನು ಬಿಚ್ಚಿ ನೋಡಬೇಕಾದ ಅಗತ್ಯವೇ ಇಲ್ಲ.

ಗ್ರಾಫಿಕ್ ವಿನ್ಯಾಸಕರು: ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ, ದಯವಿಟ್ಟು ಸರಿಯೇ ತಿಳಿಸಿ. «ಡೌನ್‌ಲೋಡ್ ಮಾಡಿದ 24 ಗಂಟೆಯೊಳಗೆ ಅಳಿಸಿದರೆ ಅದು ಕಾನೂನುಬದ್ಧ. ಫೋಲ್ಡರ್‌ನಲ್ಲಿ ‘ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ’ ಎಂದು ಬರೆದ ಕಡತವೊಂದನ್ನು ಇಟ್ಟರೆ ಯಾರೂ ದಾವೆ ಹೂಡಲಾರರು. ಕಡತದ ಹೆಸರು ಬದಲಿಸಿ ಜಿಪ್ ಮಾಡಿದರೆ ಅದು ಹೊಸ ಕೃತಿಯಾಗುತ್ತದೆ.»

ವಕೀಲರು: ಮೂರೂ ಸುಳ್ಳು. ಅನುಮತಿಯಿಲ್ಲದ ಪ್ರತಿಯನ್ನು ಸಕ್ರಮಗೊಳಿಸುವ 24 ಗಂಟೆಯ ವಿನಾಯಿತಿ ನಾನು ಓದಿದ ಯಾವ ಕಾನೂನಿನಲ್ಲೂ ಇಲ್ಲ. ಶೈಕ್ಷಣಿಕ ಬಳಕೆಗೆ ಹಲವು ದೇಶಗಳಲ್ಲಿ ವಿನಾಯಿತಿಗಳಿವೆ, ಆದರೆ ಅವು ನೀವು ಮಾಡಿದ ಬಳಕೆಯನ್ನು ನೋಡುತ್ತವೆ, ಅಂಟಿಸಿದ ಚೀಟಿಯನ್ನಲ್ಲ. ಹೆಸರು ಬದಲಿಸಿದರೆ ಕೃತಿ ಬದಲಾಗುವುದಿಲ್ಲ. ಇಂಥ ಸಂದೇಶಗಳನ್ನು ನಂಬಿ ತೊಂದರೆಗೆ ಸಿಲುಕಿದವರ ಮುಂದೆ ನಾನು ಕುಳಿತಿದ್ದೇನೆ. ಇವನ್ನು ಬರೆದವರು ಆ ಹೊತ್ತಿಗೆ ಎಲ್ಲಿಯೂ ಇರುವುದಿಲ್ಲ.

ಸಾಕ್ಷ್ಯಚಿತ್ರ ಸಂಪಾದಕಿ: ಮೇಡಂ, ನನ್ನ ಸಮಸ್ಯೆ ಸ್ವಲ್ಪ ದೀರ್ಘವಾಗಿದೆ. ನಮ್ಮ ತಂಡದ ಸಂದರ್ಶನಗಳ ಮೂಲ ಧ್ವನಿ ಮತ್ತು ದೃಶ್ಯ ಕಡತಗಳನ್ನು ಎನ್‌ಕ್ರಿಪ್ಟ್ ಆದ ಕ್ಲೌಡ್ ಸೇವೆಯೊಂದರಲ್ಲಿ ಇಟ್ಟಿದ್ದೆ. ಅದೇ ಖಾತೆಯ ಇನ್ನೊಂದು ಫೋಲ್ಡರ್‌ನಲ್ಲಿ, ಸಂಪಾದನೆಯ ಶೈಲಿಯನ್ನು ತಂಡಕ್ಕೆ ತೋರಿಸಲೆಂದು ಬೇರೆಯವರ ಕೆಲವು ಪೂರ್ಣ ಚಿತ್ರಗಳಿದ್ದವು. ಆ ಫೋಲ್ಡರ್‌ನ ಲಿಂಕನ್ನು ತಂಡದವರೊಬ್ಬರು ಬಹಿರಂಗ ಗುಂಪೊಂದರಲ್ಲಿ ಹಾಕಿಬಿಟ್ಟರು. ಮೂರು ದೂರುಗಳು ಬಂದವು, ಖಾತೆ ಸ್ಥಗಿತವಾಯಿತು. ಮೂರನೆಯ ದೂರು ನಾವೇ ಚಿತ್ರೀಕರಿಸಿದ ಒಂದು ತುಣುಕಿನ ಬಗ್ಗೆ. ಸಂದರ್ಶನ ಕೊಟ್ಟವರಲ್ಲಿ ಕೆಲವರು ತಮ್ಮ ಗುರುತು ಹೊರಬರಬಾರದೆಂಬ ಭರವಸೆ ಪಡೆದು ಮಾತನಾಡಿದ್ದಾರೆ. ಕಂಪನಿಯಾಗಲಿ ಪೊಲೀಸರಾಗಲಿ ಅವನ್ನು ನೋಡಬಲ್ಲರೇ? ಕಡತಗಳು ಮರಳಿ ಸಿಗುತ್ತವೆಯೇ?

ವಕೀಲರು: ಇಲ್ಲಿ ಬಂದಿರುವ ಪ್ರಶ್ನೆಗಳಲ್ಲಿ ನನ್ನನ್ನು ನಿಜವಾಗಿ ಕಳವಳಕ್ಕೀಡು ಮಾಡಿರುವುದು ಇದು, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಪಾಸ್‌ವರ್ಡ್ ಬದಲಾಯಿಸಲು ಹೋಗಬೇಡಿ. ಕೀಲಿ ಬಳಕೆದಾರರ ಬಳಿಯೇ ಇರುವ ಸೇವೆಗಳಲ್ಲಿ, ರಿಕವರಿ ಕೀ (ಪಾಸ್‌ವರ್ಡ್ ಇಲ್ಲದಾಗ ಖಾತೆಯ ಕಡತಗಳನ್ನು ತೆರೆಯುವ ಬದಲಿ ಕೀಲಿ) ಇಲ್ಲದೆ ಪಾಸ್‌ವರ್ಡ್ ಮರುಹೊಂದಿಸಿದರೆ ಹಳೆಯ ಕಡತಗಳನ್ನು ಕಂಪನಿಯೂ ತೆರೆದುಕೊಡಲಾರದು. ಯಾವುದಾದರೂ ಸಾಧನದಲ್ಲಿ ಲಾಗಿನ್ ಇನ್ನೂ ಉಳಿದಿದ್ದರೆ ಅದರಿಂದ ಹೊರಬರಬೇಡಿ. ಸಿಂಕ್ ಫೋಲ್ಡರ್ (ಕ್ಲೌಡ್‌ನ ಕಡತಗಳ ಪ್ರತಿ ತಾನಾಗಿ ಬಂದು ಸೇರುವ ಫೋಲ್ಡರ್) ಇರುವ ಕಂಪ್ಯೂಟರ್ ಇದ್ದರೆ, ಇಂಟರ್ನೆಟ್ ಸಂಪರ್ಕ ಕಡಿದು, ಆ ಫೋಲ್ಡರನ್ನು ಮೊದಲು ಹೊರಗಿನ ಡಿಸ್ಕ್‌ಗೆ ನಕಲಿಸಿಕೊಳ್ಳಿ.

ಎರಡನೆಯದು ಸಂದರ್ಶನಗಳ ಗೋಪ್ಯತೆ. ಬಹಿರಂಗವಾದ ಲಿಂಕ್‌ನಲ್ಲಿರುವ ಕೀಲಿ ಆ ಒಂದು ಫೋಲ್ಡರನ್ನು ಮಾತ್ರ ತೆರೆಯುತ್ತದೆ. ಉಳಿದ ಫೋಲ್ಡರ್‌ಗಳ ಒಳವಿಷಯ, ಸೇವೆ ಹೇಳಿದಂತೆಯೇ ಕಟ್ಟಲ್ಪಟ್ಟಿದ್ದರೆ, ಕಂಪನಿಗೆ ಕಾಣುವುದಿಲ್ಲ, ಆದ್ದರಿಂದ ತನಿಖಾಧಿಕಾರಿಗಳು ಕೇಳಿದರೂ ಓದಬಲ್ಲ ರೂಪದಲ್ಲಿ ಕೊಡಲು ಅದರ ಬಳಿ ಇರುವುದಿಲ್ಲ. ಆದರೆ ನಿಮ್ಮ ಇಮೇಲ್ ವಿಳಾಸ, ಹಣ ಪಾವತಿಯ ವಿವರ, ಲಾಗಿನ್ ಆದ ಹೊತ್ತು ಮತ್ತು ಐಪಿ ವಿಳಾಸ (ನಿಮ್ಮ ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ), ಕಡತಗಳ ಗಾತ್ರ, ಯಾವ ಖಾತೆಗೆ ಯಾವ ಫೋಲ್ಡರ್ ಹಂಚಲಾಗಿದೆ ಎಂಬ ದಾಖಲೆ, ಇವು ಸಾಮಾನ್ಯವಾಗಿ ಕಂಪನಿಯ ಬಳಿ ಇರುತ್ತವೆ, ಮತ್ತು ಸಕ್ರಮ ಆದೇಶ ಬಂದರೆ ಅವನ್ನು ಕೊಡಬೇಕಾಗುತ್ತದೆ. ಮಾತನಾಡಿದವರಲ್ಲಿ ಯಾರಿಗಾದರೂ ಅವರ ಸಂದರ್ಶನದ ಫೋಲ್ಡರನ್ನು ಅವರದೇ ಖಾತೆಗೆ ನೇರವಾಗಿ ಹಂಚಿದ್ದರೆ, ಗುರುತು ಸಿಗುವ ದಾರಿ ಅದೇ. ಹಂಚಿದ್ದೀರಾ ಎಂಬುದನ್ನು ಇಲ್ಲಿ ಬರೆಯಬೇಡಿ, ನನಗೆ ಪ್ರತ್ಯೇಕವಾಗಿ ತಿಳಿಸಿ.

ಮೂರನೆಯದು ಪ್ರತಿ-ನೋಟಿಸ್. ಜಗತ್ತಿನ ಹಲವು ಸೇವೆಗಳು ಅಮೆರಿಕದ 1998ರ ಡಿಎಂಸಿಎ ಎಂಬ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯ ಮಾದರಿಯನ್ನು ಅನುಸರಿಸುತ್ತವೆ. ಅದರ ಪ್ರಕಾರ ದೂರು ಬಂದಾಗ ಸೇವೆ ಬೇಗನೆ ಕಡತವನ್ನು ತೆಗೆಯಬೇಕು ಮತ್ತು ಮತ್ತೆ ಮತ್ತೆ ಉಲ್ಲಂಘಿಸುವವರ ಖಾತೆ ಮುಚ್ಚುವ ನೀತಿಯನ್ನು ಇಟ್ಟುಕೊಂಡಿರಬೇಕು. ಹಾಗೆ ಮಾಡಿದರೆ ಬಳಕೆದಾರರ ತಪ್ಪಿಗೆ ಪರಿಹಾರ ಕೊಡುವ ಹೊಣೆಯಿಂದ ಅದಕ್ಕೆ ರಕ್ಷಣೆ. ತಪ್ಪು ದೂರಾಗಿದ್ದರೆ ಬಳಕೆದಾರರು ಪ್ರತಿ-ನೋಟಿಸ್ ಕೊಡಬಹುದು. ದೂರುದಾರರು ನ್ಯಾಯಾಲಯಕ್ಕೆ ಹೋಗದಿದ್ದರೆ ಸೇವೆಯು 10ರಿಂದ 14 ಕೆಲಸದ ದಿನಗಳಲ್ಲಿ ಕಡತವನ್ನು ಮರಳಿಸಬೇಕು. ಆದರೆ ಆ ಪ್ರತಿ-ನೋಟಿಸ್‌ನಲ್ಲಿ ನಿಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಇರಬೇಕು, ಸುಳ್ಳಾದರೆ ಶಿಕ್ಷೆಗೆ ಒಳಪಡುವ ಪ್ರಮಾಣವಿರಬೇಕು, ಅದರ ಪ್ರತಿ ದೂರುದಾರರ ಕೈಸೇರುತ್ತದೆ. ಆದ್ದರಿಂದ ಬೇರೆಯವರ ಚಿತ್ರಗಳ ಬಗ್ಗೆ ಬಂದ ಎರಡು ದೂರುಗಳಿಗೆ ಪ್ರತಿ-ನೋಟಿಸ್ ಕೊಡಲೇಬೇಡಿ. ನೀವೇ ಚಿತ್ರೀಕರಿಸಿದ ತುಣುಕಿನ ಬಗ್ಗೆ ಮಾತ್ರ ಕೊಡಿ, ಅದೂ ತಂಡದ ಯಾರ ಹೆಸರಿನಲ್ಲಿ ಎಂದು ಯೋಚಿಸಿದ ಮೇಲೆ. ಜೊತೆಗೆ ಕಂಪನಿಗೆ ಬೇರೆಯದೇ ಪತ್ರ ಬರೆದು, ಸಂದರ್ಶನಗಳು ನಿಮ್ಮ ಸ್ವಂತ ಕೃತಿಗಳೆಂದೂ ಅವನ್ನು ಅಳಿಸದೆ ಉಳಿಸಬೇಕೆಂದೂ ಇಳಿಸಿಕೊಳ್ಳುವಷ್ಟು ಅವಕಾಶ ಕೊಡಬೇಕೆಂದೂ ಕೇಳಿ.

ಮರಳಿ ಸಿಗುತ್ತವೆ ಎಂಬ ಭರವಸೆಯನ್ನು ನಾನು ಕೊಡಲಾರೆ, ಏಕೆಂದರೆ ಮೆಗಾಕ್ಕಿಂತ ಮೊದಲು ಇದ್ದ ಮೆಗಾಅಪ್‌ಲೋಡ್ ಎಂಬ ಕಡತ ಹಂಚಿಕೆ ಸೇವೆಯ ಇತಿಹಾಸ ನನ್ನ ಕಣ್ಣ ಮುಂದಿದೆ. 2012ರ ಜನವರಿಯಲ್ಲಿ ಅಮೆರಿಕದ ಅಧಿಕಾರಿಗಳು ಆ ಸೇವೆಯನ್ನು ಮುಚ್ಚಿಸಿ, ಅದರ ಸ್ಥಾಪಕ ಕಿಮ್ ಡಾಟ್‌ಕಾಮ್ ಅವರನ್ನು ನ್ಯೂಜಿಲೆಂಡ್‌ನಲ್ಲಿ ಬಂಧಿಸುವಂತೆ ಮಾಡಿದಾಗ, ಯಾವ ತಪ್ಪನ್ನೂ ಮಾಡದ ಬಳಕೆದಾರರ ಕಡತಗಳೂ ಸರ್ವರ್‌ಗಳಲ್ಲೇ ಸಿಕ್ಕಿಬಿದ್ದವು. ಓಹಾಯೋದಲ್ಲಿ ಶಾಲಾ ಕ್ರೀಡೆಗಳನ್ನು ಚಿತ್ರೀಕರಿಸಿ ಬದುಕುತ್ತಿದ್ದ ಒಬ್ಬರು ತಮ್ಮ ಸ್ವಂತ ದೃಶ್ಯಗಳನ್ನು ಮರಳಿಸಿರೆಂದು ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನೆರವಿನಿಂದ ವರ್ಜೀನಿಯಾದ ನ್ಯಾಯಾಲಯಕ್ಕೆ ಹೋದರು. ವರ್ಷಗಳು ಕಳೆದರೂ ಅವು ಅವರ ಕೈಗೆ ಬರಲಿಲ್ಲ. 2013ರಲ್ಲಿ ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ನೆದರ್ಲೆಂಡ್ಸ್‌ನ ಲೀಸ್‌ವೆಬ್ ಸಂಸ್ಥೆ ತನ್ನಲ್ಲಿದ್ದ 630 ಸರ್ವರ್‌ಗಳಲ್ಲಿನ ಮೆಗಾಅಪ್‌ಲೋಡ್ ಮಾಹಿತಿಯನ್ನು ಅಳಿಸಿಹಾಕಿತು. ಉಲ್ಲಂಘನೆ ನಡೆದಿದ್ದರೆ ಕ್ರಮ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಒಬ್ಬರ ತಪ್ಪಿಗೆ ಕ್ರಮ ಕೈಗೊಳ್ಳುವಾಗ ಇನ್ನೊಬ್ಬರ ಬದುಕಿನ ಕೆಲಸವನ್ನು ಸುರಕ್ಷಿತವಾಗಿ ತೆಗೆದಿಡುವ ಹೊಣೆ ಯಾರದು ಎಂಬುದನ್ನು ಸ್ಪಷ್ಟವಾಗಿ ಗೊತ್ತುಮಾಡದೆ ಮುನ್ನಡೆಯುವುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಗ್ರಂಥಪಾಲಕಿ: ಮೇಡಂ, ತೀರಿಕೊಂಡ ಸಂಶೋಧಕರೊಬ್ಬರ ಟಿಪ್ಪಣಿಗಳು ಇಂಥದೇ ಖಾತೆಯಲ್ಲಿವೆ. ಅವರ ಮಕ್ಕಳ ಬಳಿ ಪಾಸ್‌ವರ್ಡ್ ಇಲ್ಲ. ಅವನ್ನು ತೆರೆಯಲು ದಾರಿ ಇದೆಯೇ?

ಪ್ರಕಾಶಕರು: ವಕೀಲರು ಬಳಕೆದಾರರ ಬಗ್ಗೆ ಇಷ್ಟು ಬರೆದಿರುವುದು ಸರಿ. ನಮ್ಮ ಲೇಖಕರ ಬಗ್ಗೆಯೂ ಯಾರಾದರೂ ಮಾತನಾಡಬೇಕು. ನಾನು ಒಂದು ಲಿಂಕ್ ಬಗ್ಗೆ ದೂರು ಕೊಟ್ಟರೆ ಅದು ಹೋಗುತ್ತದೆ, ಮರುದಿನ ಅದೇ ಪುಸ್ತಕ ಬೇರೆ ಲಿಂಕ್‌ನಲ್ಲಿ ಬರುತ್ತದೆ. ಅದೇ ಕಡತದ ಎಲ್ಲ ಪ್ರತಿಗಳನ್ನೂ ಕಂಪನಿಯೇ ಹುಡುಕಿ ತೆಗೆಯಬೇಕಲ್ಲವೇ?

ಸಾಫ್ಟ್‌ವೇರ್ ಎಂಜಿನಿಯರ್: ಸಾಧ್ಯವಿಲ್ಲ. ಪ್ರತಿಯೊಬ್ಬರ ಕೀಲಿಯೂ ಬೇರೆಯಾದ್ದರಿಂದ ಒಂದೇ ಪುಸ್ತಕವು ಸರ್ವರ್‌ನಲ್ಲಿ ಬೇರೆ ಬೇರೆ ಕಡತಗಳಾಗಿಯೇ ಕಾಣುತ್ತದೆ. ನೋಡಲಾಗದ್ದಕ್ಕೆ ಕಂಪನಿಯನ್ನು ಹೊಣೆ ಮಾಡುವಂತಿಲ್ಲ.

ಪ್ರಕಾಶಕರು: ನೋಡದಿರುವಂತೆ ಕಟ್ಟಿಕೊಂಡವರು ಅವರೇ. ಅದು ಖಾಸಗಿತನಕ್ಕಾಗಿಯೋ ಹೊಣೆ ತಪ್ಪಿಸಿಕೊಳ್ಳಲೋ?

ಸಾಫ್ಟ್‌ವೇರ್ ಎಂಜಿನಿಯರ್: ನಿಮ್ಮ ಪುಸ್ತಕಕ್ಕಾಗಿ ಎಲ್ಲರ ಕಡತಗಳನ್ನೂ ಬಿಚ್ಚಿ ನೋಡಬೇಕೇ? ಎನ್‌ಕ್ರಿಪ್ಷನ್ ಇರುವ ಕಡೆ ಕಂಪನಿ ಏನನ್ನೂ ನೋಡಲಾರದು, ಅಷ್ಟೇ.

ನೆಟ್‌ವರ್ಕ್ ಭದ್ರತಾ ತಜ್ಞೆ: «ಏನನ್ನೂ ನೋಡಲಾರದು» ಎಂದು ಇಷ್ಟು ಖಚಿತವಾಗಿ ಹೇಳುವುದು ಜವಾಬ್ದಾರಿಯ ಮಾತಲ್ಲ. 2022ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು, ಸರ್ವರ್ ಮೇಲೆ ಹತೋಟಿ ಇರುವವರು ಒಬ್ಬ ಬಳಕೆದಾರರ 512 ಲಾಗಿನ್‌ಗಳ ನಂತರ ಅವರ ಖಾಸಗಿ ಕೀಲಿಯನ್ನು ಪಡೆಯಬಲ್ಲರು ಎಂಬುದನ್ನು ಮೆಗಾದ ವಿಷಯದಲ್ಲಿ ತೋರಿಸಿದರು. ಮೆಗಾ ಆಮೇಲೆ ಅದಕ್ಕೆ ತಿದ್ದುಪಡಿ ತಂದಿತು. ಗಣಿತ ಗಟ್ಟಿಯಾಗಿದ್ದರೂ ಅದನ್ನು ಜೋಡಿಸಿದ ರೀತಿ ಸಡಿಲವಾಗಿರಬಹುದು.

ಸಾಫ್ಟ್‌ವೇರ್ ಎಂಜಿನಿಯರ್: ತಿದ್ದಿದ್ದಾರೆಂದು ನೀವೇ ಹೇಳುತ್ತಿದ್ದೀರಿ. ಹಾಗಿದ್ದರೆ ವಾದ ಯಾವುದಕ್ಕೆ?

ನೆಟ್‌ವರ್ಕ್ ಭದ್ರತಾ ತಜ್ಞೆ: ಗುರುತು ಮುಚ್ಚಿಡಬೇಕಾದ ಸಂದರ್ಶನಗಳನ್ನು ಕಳೆದುಕೊಳ್ಳುವ ಭಯದಲ್ಲಿರುವವರು ಈ ಸಾಲುಗಳನ್ನು ಓದುತ್ತಿದ್ದಾರೆ ಎಂಬುದಕ್ಕೆ.

ವಕೀಲರು: ಪ್ರಕಾಶಕರಿಗೆ. ನಿಮ್ಮ ನೋವು ನ್ಯಾಯವಾದದ್ದು. ಮೆಗಾಅಪ್‌ಲೋಡ್ ಮೇಲಿನ ಆರೋಪಪಟ್ಟಿಯಲ್ಲಿ ಮುಖ್ಯವಾದ ಒಂದು ಆಪಾದನೆಯೇ ಅದು: ಒಂದೇ ಕಡತಕ್ಕೆ ಹಲವು ಲಿಂಕ್‌ಗಳಿದ್ದವು, ದೂರು ಬಂದಾಗ ಒಂದು ಲಿಂಕನ್ನು ಮಾತ್ರ ತೆಗೆದು ಕಡತವನ್ನು ಹಾಗೆಯೇ ಉಳಿಸುತ್ತಿದ್ದರು ಎಂದು. ಅಲ್ಲಿ ಕಡತ ಒಂದೇ ಎಂಬುದು ಕಂಪನಿಗೆ ಕಾಣುತ್ತಿತ್ತು, ಇಲ್ಲಿ ಕಾಣುವುದಿಲ್ಲ. ಈ ವ್ಯತ್ಯಾಸವನ್ನು ನ್ಯಾಯಾಲಯಗಳು ತೂಗಬೇಕಾಗುತ್ತದೆ. ಯೂಟ್ಯೂಬ್ ಮತ್ತು ಕಡತ ಹಂಚಿಕೆಯ ‘ಅಪ್‌ಲೋಡೆಡ್’ ಎಂಬ ಸೇವೆಗಳ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು 2021ರ ಜೂನ್‌ನಲ್ಲಿ ಹೇಳಿದ್ದೆಂದರೆ, ಸೇವೆ ಒದಗಿಸಿದ ಮಾತ್ರಕ್ಕೆ ಹೊಣೆ ಬರುವುದಿಲ್ಲ, ಆದರೆ ನಿರ್ದಿಷ್ಟ ಉಲ್ಲಂಘನೆ ತಿಳಿದ ಮೇಲೂ ತಡಮಾಡಿದರೆ ಬರಬಹುದು. ನೀವು ಮಾಡಬಹುದಾದದ್ದು, ಪ್ರತಿ ದೂರಿನಲ್ಲೂ ಪೂರ್ಣ ಲಿಂಕ್ ಕೊಡುವುದು ಮತ್ತು ಅದೇ ಖಾತೆಯಿಂದ ಮರುಕಳಿಸುತ್ತಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯುವುದು.

ಪ್ರಕಾಶಕರು: ಅಪ್‌ಲೋಡ್ ಆಗುವ ಮೊದಲೇ ಬಳಕೆದಾರರ ಫೋನ್‌ನಲ್ಲೇ ಪರಿಶೀಲಿಸುವ ವ್ಯವಸ್ಥೆ ಯಾಕೆ ಬೇಡ?

ವಕೀಲರು: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಪತ್ತೆಹಚ್ಚುವ ಕಾರಣಕ್ಕೆ ಆ್ಯಪಲ್ 2021ರ ಆಗಸ್ಟ್‌ನಲ್ಲಿ ಅಂಥ ವ್ಯವಸ್ಥೆಯೊಂದನ್ನು ಪ್ರಕಟಿಸಿತು. ಅದೇ ಸಾಧನ ನಾಳೆ ಬೇರೆ ಯಾವ ಪಟ್ಟಿಗೂ ಬಳಕೆಯಾಗಬಹುದೆಂಬ ಆಕ್ಷೇಪ ಎದ್ದು, 2022ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಅಷ್ಟು ಘೋರವಾದ ಅಪರಾಧಕ್ಕೇ ಜನ ಒಪ್ಪದ ಸಾಧನವನ್ನು ಪುಸ್ತಕದ ಪ್ರತಿಗಳಿಗಾಗಿ ಎಲ್ಲರ ಫೋನ್‌ಗೂ ಹಾಕಬೇಕೆಂಬುದನ್ನು ನಾನು ಬೆಂಬಲಿಸಲಾರೆ.

ಪ್ರಕಾಶಕರು: ಅಂದರೆ ಲೇಖಕರು ಕಾಯುತ್ತಲೇ ಇರಬೇಕು. ನಿಮ್ಮ ಉತ್ತರ ನನಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ.

ಸಂಗೀತ ಶಿಕ್ಷಕರು: ನಮಸ್ತೆ ಮೇಡಂ, 24 ಗಂಟೆಯೊಳಗೆ ಅಳಿಸಿದರೆ ತೊಂದರೆ ಇಲ್ಲ ಎಂದು ಕೇಳಿದ್ದೇನೆ, ನಿಜವೇ?

ವಕೀಲರು: ಇಲ್ಲ. ಮೇಲೆ ಉತ್ತರಿಸಿದ್ದೇನೆ.

ಛಾಯಾಗ್ರಾಹಕರು: ಇವುಗಳಲ್ಲಿ ಯಾವ ಸೇವೆ ಅತ್ಯುತ್ತಮ?

ಲೆಕ್ಕಪರಿಶೋಧಕರು: ವಿಪಿಎನ್ ಬಳಸಿದರೆ ಯಾರಿಗೂ ಗುರುತು ಸಿಗುವುದಿಲ್ಲವಲ್ಲ?

ವಕೀಲರು: ಐಪಿ ವಿಳಾಸ ಮರೆಯಾಗುತ್ತದೆ. ನಿಮ್ಮ ಇಮೇಲ್, ನಿಮ್ಮ ಪಾವತಿ, ನೀವು ಲಿಂಕ್ ಹಾಕಿದ ಗುಂಪಿನಲ್ಲಿನ ನಿಮ್ಮ ಹೆಸರು ಮರೆಯಾಗುವುದಿಲ್ಲ.

ಗ್ರಾಫಿಕ್ ವಿನ್ಯಾಸಕರು: ಸಂಪಾದಕಿಯವರಿಗೆ ಉಪಯೋಗವಾಗಬಹುದೆಂದು ಹಾಕುತ್ತಿದ್ದೇನೆ. «ಸ್ಥಗಿತಗೊಂಡ ಕ್ಲೌಡ್ ಖಾತೆಯನ್ನು ಒಂದು ಗಂಟೆಯಲ್ಲಿ ತೆರೆಸಿಕೊಡುತ್ತೇವೆ. ನಿಮ್ಮ ಇಮೇಲ್ ಮತ್ತು ರಿಕವರಿ ಕೀ ಕಳುಹಿಸಿ.»

ವಕೀಲರು: ಇದನ್ನು ಈಗಲೇ ಅಳಿಸಿ. ರಿಕವರಿ ಕೀ ಕೊಟ್ಟರೆ ಆ ಖಾತೆಯಲ್ಲಿರುವುದೆಲ್ಲವನ್ನೂ ಕೊಟ್ಟಂತೆ. ಕಂಪನಿಗೂ ಸಿಗದ ಸಂದರ್ಶನಗಳನ್ನು ಅಪರಿಚಿತರ ಕೈಗೆ ಇಟ್ಟಂತೆ. ಗುರುತು ಮುಚ್ಚಿಡಬೇಕಾದ ಜನರ ಧ್ವನಿ ಅಲ್ಲಿದೆ ಎಂದು ಅವರು ಬರೆದದ್ದನ್ನು ಓದಿದ ಮೇಲೂ ಇದನ್ನು ಇಲ್ಲಿಗೆ ತಂದಿರಿ. ಬಂದ ಸಂದೇಶವನ್ನು ಓದದೆ ಮುಂದಕ್ಕೆ ಕಳುಹಿಸುವುದನ್ನು ಸಹಾಯವೆಂದು ಕರೆಯಬೇಡಿ.

ಗ್ರಾಫಿಕ್ ವಿನ್ಯಾಸಕರು: ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದೆ. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಸಾಫ್ಟ್‌ವೇರ್ ಎಂಜಿನಿಯರ್: ಕಟುವಾಗಿ ಹೇಳಿದ್ದೇ ಸರಿ. ಎರಡನೆಯ ಸಲ ಇದೇ ಕೆಲಸ ಮಾಡುತ್ತಿದ್ದೀರಿ.

ಪ್ರಕಾಶಕರು: ಕಟುಮಾತಿನ ಬಗ್ಗೆ ಪಾಠ ಹೇಳುವ ಯೋಗ್ಯತೆ ಎಲ್ಲರಿಗೂ ಇರುವುದಿಲ್ಲ ಎಂಜಿನಿಯರ್ ಅವರೇ.

ನಿರ್ವಾಹಕರು: ಆ ಸಂದೇಶವನ್ನು ತೆಗೆದಿದ್ದೇನೆ. ಉಳಿದ ವಾದವನ್ನು ಇಲ್ಲಿಗೆ ನಿಲ್ಲಿಸಿ. ಸಂಪಾದಕಿಯವರ ಪ್ರಶ್ನೆ ಮುಗಿಯುವವರೆಗೆ ಬೇರೆಯವರು ಬರೆಯಬಾರದು.

ಸಾಕ್ಷ್ಯಚಿತ್ರ ಸಂಪಾದಕಿ: ಮೇಡಂ, ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಲಾಗಿನ್ ಇನ್ನೂ ಇದೆ. ಕಡತಗಳ ಪಟ್ಟಿ ಕಾಣುತ್ತದೆ, ಆದರೆ ಯಾವುದೂ ತೆರೆಯುವುದಿಲ್ಲ. ಸಿಂಕ್ ಫೋಲ್ಡರ್‌ನಲ್ಲಿ ಅರ್ಧದಷ್ಟು ಸಂದರ್ಶನಗಳಿವೆ, ಅವನ್ನು ಡಿಸ್ಕ್‌ಗೆ ನಕಲಿಸಿಕೊಂಡಿದ್ದೇನೆ.

ವಕೀಲರು: ಒಳ್ಳೆಯದಾಯಿತು. ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಕೀಯನ್ನು ಉಳಿಸಿಕೊಳ್ಳುವ ಆಯ್ಕೆ ಇನ್ನೂ ತೆರೆಯುತ್ತಿದ್ದರೆ, ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ, ಇನ್ನೊಂದು ಕ್ಲೌಡ್‌ಗೆ ಹಾಕಬೇಡಿ. ಕಡತಗಳ ಪಟ್ಟಿ ಕಾಣುವ ಪರದೆಯ ಚಿತ್ರ ತೆಗೆದಿಡಿ. ಯಾವುದು ನಿಮ್ಮದು ಎಂದು ಕಂಪನಿಗೆ ಹೇಳುವಾಗ ಬೇಕಾಗುತ್ತದೆ, ಆದರೆ ಜನರ ಹೆಸರಿರುವ ಫೋಲ್ಡರ್‌ಗಳನ್ನು ಮರೆಮಾಡಿದ ಮೇಲೆಯೇ ಕಳುಹಿಸಿ. ಉಳಿಸಿಕೊಡಬೇಕೆಂಬ ಪತ್ರ ಇಂದೇ ಹೋಗಲಿ, ಪ್ರತಿ-ನೋಟಿಸ್ ಮಾತ್ರ ನನಗೆ ತೋರಿಸದೆ ಕಳುಹಿಸಬೇಡಿ.