ಡಿಗ್ರಿ ಫಸ್ಟ್ ಇಯರ್ ಸಬ್ಜೆಕ್ಟ್ ರಿಜಿಸ್ಟ್ರೇಷನ್: ನಿಮ್ಮ ಪ್ರಶ್ನೆ, ಮೇಡಂ ಉತ್ತರ

ಅಡ್ಮಿನ್: ಅಡ್ಮಿಷನ್ ಗಲಾಟೆ ಮುಗೀತು, ಈಗ ಸಬ್ಜೆಕ್ಟ್ ರಿಜಿಸ್ಟ್ರೇಷನ್ ಗಲಾಟೆ ಶುರು. ನಮ್ಮ ಮುಂಬೈ ಕನ್ನಡಿಗರ ಗ್ರೂಪಿನ ಎಕನಾಮಿಕ್ಸ್ ಮೇಡಂ ಮುಂಬೈನಲ್ಲೇ ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತಾರೆ, ಅಲ್ಲಿನ ಟೈಮ್‌ಟೇಬಲ್ ಕಮಿಟಿಯಲ್ಲೂ ಇದ್ದಾರೆ. ಇವತ್ತು ರಾತ್ರಿ ಕೂತು ಉತ್ತರ ಕೊಡ್ತೀನಿ ಅಂದಿದ್ದಾರೆ, ಕೇಳಿ. ಮಧ್ಯೆ ಗುಡ್‌ನೈಟ್ ಫೋಟೋ ಹಾಕ್ಬೇಡಿ ದಯವಿಟ್ಟು.

ಪ್ರಶ್ನೆ, ಡೊಂಬಿವಲಿಯಿಂದ: ನಮಸ್ಕಾರ ಮೇಡಂ. ಮಗಳಿಗೆ ಬಿಕಾಂ ಸೀಟ್ ಸಿಕ್ತು, ಫೀಸೂ ಕಟ್ಟಿದ್ವಿ. ಈಗ ಸಬ್ಜೆಕ್ಟ್ ಸೆಲೆಕ್ಷನ್ ಫಾರ್ಮ್ ತುಂಬಿ ಅಂತ ಮೆಸೇಜ್ ಬಂದಿದೆ, ನೋಡಿದ್ರೆ ಮೇಜರ್, ಓಇ, ವಿಎಸ್‌ಸಿ, ಎಸ್‌ಇಸಿ, ಎಇಸಿ ಅಂತ ಏನೇನೋ ಇದೆ. ನಮ್ಮ ಕಾಲದಲ್ಲಿ ಬಿಕಾಂ ಅಂದ್ರೆ ಬಿಕಾಂ, ಅಷ್ಟೇ. ಎಲ್ಲಿಂದ ಶುರು ಮಾಡೋದು?

ಮೇಡಂ: ನಮಸ್ಕಾರ. ಹೆದರ್ಬೇಡಿ, ಹೆಸರುಗಳೇ ಜಾಸ್ತಿ, ಒಳಗಡೆ ಅಷ್ಟಿಲ್ಲ. ಮುಂಬೈ ಯೂನಿವರ್ಸಿಟಿಯ ಅಫಿಲಿಯೇಟೆಡ್ ಕಾಲೇಜುಗಳಲ್ಲಿ 2024-25ರಿಂದ ಎನ್‌ಇಪಿ ಅಂದ್ರೆ ಹೊಸ ಶಿಕ್ಷಣ ನೀತಿ ಬಂತಲ್ಲ, ಅಲ್ಲಿಂದ ಈ ಲೆಕ್ಕ. ಒಂದು ಸೆಮ್‌ಗೆ 22 ಕ್ರೆಡಿಟ್, ಕ್ರೆಡಿಟ್ ಅಂದ್ರೆ ಪೇಪರಿನ ತೂಕ ಅಳೆಯೋ ಲೆಕ್ಕ. ಮೊದಲ ಸೆಮ್‌ನಲ್ಲಿ ಮೇಜರ್ ಅಂದ್ರೆ ಮುಖ್ಯ ವಿಷಯಕ್ಕೆ 6, ಓಇ ಅಂದ್ರೆ ಓಪನ್ ಇಲೆಕ್ಟಿವ್‌ಗೆ 4, ವಿಎಸ್‌ಸಿ ಎಸ್‌ಇಸಿ ಅನ್ನೋ ಸ್ಕಿಲ್ ಪೇಪರ್ ಎರಡೂ ಸೇರಿ 4, ಎಇಸಿ ಅಂದ್ರೆ ಭಾಷೆ 2, ವ್ಯಾಲ್ಯೂ ಎಜುಕೇಷನ್ 2, ಐಕೆಎಸ್ ಅಂದ್ರೆ ಭಾರತೀಯ ಜ್ಞಾನ ಪರಂಪರೆ 2, ಎನ್‌ಎಸ್‌ಎಸ್ ಸ್ಪೋರ್ಟ್ಸ್ ಕಲ್ಚರಲ್ ಇದ್ಯಲ್ಲ ಆ ಸಿಸಿಗೆ 2. ಕೂಡಿಸಿ ನೋಡಿ, 22 ಆಗತ್ತೆ. ಇದ್ರಲ್ಲಿ ಮೇಜರ್ ಕಾಲೇಜೇ ಫಿಕ್ಸ್ ಮಾಡಿರತ್ತೆ, ಸ್ಕಿಲ್ ಪೇಪರೂ ಎಷ್ಟೋ ಕಡೆ ಡಿಪಾರ್ಟ್‌ಮೆಂಟ್ ಕೊಟ್ಟಿದ್ದೇ. ನಿಜವಾಗ್ಲೂ ಮಗಳು ತಲೆ ಕೆಡಿಸ್ಕೊಳ್ಳಬೇಕಾದ್ದು ಓಪನ್ ಇಲೆಕ್ಟಿವ್, ಆಮೇಲೆ ಭಾಷೆ ಮತ್ತೆ ಸಿಸಿ.

ಓಇ ತನ್ನ ಫ್ಯಾಕಲ್ಟಿಯದ್ದು ತಗೊಳ್ಳೋ ಹಾಗಿಲ್ಲ, ಬೇರೆ ಫ್ಯಾಕಲ್ಟಿಯದ್ದೇ ಆಗ್ಬೇಕು. ಕಾಮರ್ಸ್ ಹುಡುಗಿ ಅಂದ್ರೆ ಆರ್ಟ್ಸ್ ಕಡೆದೋ ಸೈನ್ಸ್ ಕಡೆದೋ. ಮಕ್ಕಳು ಇಲ್ಲಿ ಫ್ರೆಂಡ್ ಏನು ತಗೊಂಡ್ಲು ಅಂತ ನೋಡ್ತಾರೆ, ಇಲ್ಲಾಂದ್ರೆ ಹೆಸರು ಕೇಳಿ ಈಸಿ ಅನ್ಕೊಂಡು ತಗೋತಾರೆ. ಕಾಲೇಜ್ ವೆಬ್‌ಸೈಟಲ್ಲಿ ಸಿಲಬಸ್ ಪಿಡಿಎಫ್ ಇರತ್ತೆ, 2 ಕ್ರೆಡಿಟ್ ಪೇಪರ್ ಅಂದ್ರೆ ಎರಡು ಮೂರು ಪುಟ, ಅದನ್ನ ಓದಿಸಿ. ಸೈಕಾಲಜಿ ಅಂತ ಹೆಸರಿದ್ದಲ್ಲೆಲ್ಲ ಮೊದಲು ಸೀಟ್ ತುಂಬತ್ತೆ, ಅದಕ್ಕೆ ನಾನು ಯಾವಾಗ್ಲೂ ಹೇಳೋದು ಮೂರು ಚಾಯ್ಸ್ ಬರ್ಕೊಂಡು ಕೂತ್ಕೊಳ್ಳಿ, ಒಂದನ್ನೇ ನಂಬ್ಕೊಂಡು ಕೂತ್ರೆ ಅದು ಫುಲ್ ಆದಾಗ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನ ಒತ್ತಿಬಿಡ್ತಾರೆ.

ಪ್ರಶ್ನೆ, ಅವರೇ: ಥ್ಯಾಂಕ್ಸ್ ಮೇಡಂ. ಮೈನರ್ ಅಂತ ಒಂದು ಇದ್ಯಂತೆ, ಫಾರ್ಮಲ್ಲಿ ಕಾಣ್ತಿಲ್ಲ?

ಮೇಡಂ: ಅದು ಮೇಜರ್ ಜೊತೆ ಓದೋ ಇನ್ನೊಂದು ವಿಷಯ, ಎರಡನೇ ಸೆಮ್‌ಗೆ ಬರೋದು, ಈಗ ಹುಡುಕ್ಬೇಡಿ.

ಪ್ರಶ್ನೆ, ಮೀರಾ ರೋಡ್‌ನಿಂದ: ಮೇಡಂ, ಮಗ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಅಜ್ಜಿ ಮನೇಲಿ ಇದ್ದು ಕುಂದಾಪುರದಲ್ಲಿ ಮಾಡಿದ್ದು. ಇಲ್ಲಿ ಫಾರ್ಮಲ್ಲಿ ಎಬಿಸಿ ಐಡಿ ಹಾಕಿದ್ರೆ ಹೆಸರು ಮ್ಯಾಚ್ ಆಗ್ತಿಲ್ಲ ಅಂತ ಬರ್ತಿದೆ. ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಮುಂದೆ ಬರೀ ಇನಿಶಿಯಲ್, ಆಧಾರಲ್ಲಿ ಪೂರ್ತಿ ಸರ್‌ನೇಮ್. ಏನ್ ಮಾಡೋದು?

ಮೇಡಂ: ಇದು ನಮ್ಮವರದ್ದೇ ಸ್ಪೆಷಲ್ ಪ್ರಾಬ್ಲಂ, ಪ್ರತಿ ವರ್ಷ ಬರತ್ತೆ, ಸ್ವಲ್ಪ ಉದ್ದ ಹೇಳ್ತೀನಿ. ಎಬಿಸಿ ಅಂದ್ರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಮಗ ಗಳಿಸೋ ಕ್ರೆಡಿಟ್ ಎಲ್ಲಾ ಅದ್ರಲ್ಲಿ ಜಮಾ ಆಗತ್ತೆ. 12 ಅಂಕಿಯ ನಂಬರ್, ಡಿಜಿಲಾಕರ್‌ನಿಂದ ಮಾಡ್ಕೊಳ್ಳೋದು, ಡಿಜಿಲಾಕರ್ ಆಧಾರ್‌ನ ಹೆಸರನ್ನ ಎತ್ಕೊಳ್ಳತ್ತೆ. ಕಾಲೇಜು ಮಾತ್ರ ಮಾರ್ಕ್ಸ್ ಕಾರ್ಡ್ ನೋಡಿ ಹೆಸರು ಹಾಕತ್ತೆ. ಇನ್ನು ಇಲ್ಲಿಯ ಪದ್ಧತಿ ಬೇರೆ, ಮಹಾರಾಷ್ಟ್ರದಲ್ಲಿ ಮೊದಲು ಸರ್‌ನೇಮ್, ಆಮೇಲೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು, ಅಮ್ಮನ ಹೆಸರಿಗೆ ಬೇರೆ ಕಾಲಂ. ಫಾರ್ಮಲ್ಲಿ ಸರ್‌ನೇಮ್ ಡಬ್ಬಿ ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ. ಆಗ ನಮ್ಮವರು ಏನ್ ಮಾಡ್ತಾರೆ, ಒಬ್ರು ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡ್ತಾರೆ, ಇನ್ನೊಬ್ರು ಊರ ಹೆಸರು ಹಾಕ್ತಾರೆ, ಮತ್ತೊಬ್ರು ಬರೀ ಒಂದು ಚುಕ್ಕೆ ಇಡ್ತಾರೆ. ಮುಂದೆ ಆ ಚುಕ್ಕೆ ಹಾಲ್ ಟಿಕೆಟಲ್ಲಿ ಬಂದು ಕೂರತ್ತೆ.

ನೀವು ಹಾಗೆ ಮಾಡ್ಬೇಡಿ. ಮಾರ್ಕ್ಸ್ ಕಾರ್ಡ್, ಟಿಸಿ, ಆಧಾರ್ ಮೂರನ್ನೂ ಪಕ್ಕ ಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ, ಸ್ಪೇಸ್ ಎಲ್ಲಿದೆ ಅನ್ನೋದನ್ನೂ. ಆಮೇಲೆ ಕಾಲೇಜ್ ಆಫೀಸಿಗೆ ಹೋಗಿ ಕೌಂಟರಲ್ಲಿ ಕೇಳಿ, ಯಾವ ಹೆಸರಲ್ಲಿ ಎನ್‌ರೋಲ್ ಮಾಡ್ತೀರಿ ಅಂತ. ಸಾಮಾನ್ಯವಾಗಿ ಬೋರ್ಡ್ ಮಾರ್ಕ್ಸ್ ಕಾರ್ಡಿನ ಹೆಸರೇ ಅವ್ರಿಗೆ ಬೇಕಾಗೋದು. ಬೋರ್ಡಲ್ಲಿ ಹೆಸರು ತಿದ್ಸೋದಂದ್ರೆ ತಿಂಗಳುಗಟ್ಲೆ ಓಡಾಟ, ಆಧಾರ್ ತಿದ್ಸೋದು ಅದಕ್ಕಿಂತ ಬೇಗ. ಆದ್ರೆ ನೆನಪಿಡಿ, ಆಧಾರಲ್ಲಿ ಹೆಸರು ಬದಲಾಯಿಸೋಕೆ ಜೀವನದಲ್ಲಿ 2 ಸಲ ಮಾತ್ರ ಅವಕಾಶ, ಹಾಗಾಗಿ ಆಫೀಸಲ್ಲಿ ಕೇಳ್ಕೊಂಡೇ ಮಾಡಿಸಿ, ಸೈಬರ್ ಕೆಫೆಯವ್ನು ಹೇಳಿದ ಅಂತ ಮಾಡಿಸ್ಬೇಡಿ.

ಪ್ರಶ್ನೆ, ಭಾಂಡುಪ್‌ನಿಂದ: ಮೇಡಂ ನಾ ವಿಜಯಪುರದಾಗ ಪಿಯುಸಿ ಮುಗಿಸೀನ್ರಿ, ಇಲ್ಲೆ ಅಣ್ಣನ ಮನ್ಯಾಗ ಇದ್ದು ಬಿಎ ಮಾಡಾಂವ ಅದೀನಿ. ಸೀಟ್ ಸಿಕ್ಕೇತಿ. ರಿಜಿಸ್ಟ್ರೇಷನ್‌ಗೆ ಊರಿಂದ ಏನೇನ್ ತರಸಬೇಕ್ರಿ? ಕ್ಯಾಸ್ಟ್ ಸರ್ಟಿಫಿಕೇಟ್ ನಡೀತೈತೇನ್ರಿ?

ಮೇಡಂ: ನೋಡಪ್ಪಾ, ಟಿಸಿ ಒರಿಜಿನಲ್, ಮಾರ್ಕ್ಸ್ ಕಾರ್ಡ್ ಎರಡೂ, ಆಮೇಲೆ ಬೋರ್ಡಿನ ಮೈಗ್ರೇಷನ್ ಸರ್ಟಿಫಿಕೇಟ್. ಈ ಮೈಗ್ರೇಷನ್ನೇ ಎಲ್ರೂ ಮರೆಯೋದು, ಅರ್ಜಿ ಹಾಕಿ ತರಿಸ್ಬೇಕು, ಇವತ್ತೇ ಮನೆಗೆ ಫೋನ್ ಮಾಡು. ಬೇರೆ ಬೋರ್ಡಿನವ್ರಿಗೆ ಇಲ್ಲಿ ಎಲಿಜಿಬಿಲಿಟಿ ಫಾರ್ಮ್ ಅಂತ ಬೇರೆ ತುಂಬಿಸ್ತಾರೆ, ಅದನ್ನ ಕೇಳಿ ಇಸ್ಕೋ, ಅವ್ರಾಗೇ ಕೊಡ್ತಾರೆ ಅಂತ ಕಾಯ್ಬೇಡ. ಕರ್ನಾಟಕದ ಕ್ಯಾಸ್ಟ್ ಸರ್ಟಿಫಿಕೇಟ್ ಇಲ್ಲಿ ರಿಸರ್ವೇಷನ್‌ಗೆ ನಡೆಯಲ್ಲ ತಮ್ಮಾ, ನಿನ್ನನ್ನ ಓಪನ್‌ನಲ್ಲೇ ಹಿಡೀತಾರೆ. ಫಾರ್ಮಲ್ಲಿ ಕೆಟಗರಿ ತಪ್ಪು ಒತ್ತಿದ್ರೆ ಫೀಸಿನ ಲೆಕ್ಕವೂ ತಪ್ಪತ್ತೆ, ಹುಷಾರು.

ಪ್ರಶ್ನೆ, ಅಂಧೇರಿಯಿಂದ: ಮೇಡಂ, ನಮ್ಮ ಯಜಮಾನ್ರದ್ದು ಹೋಟೆಲ್. ಅಡ್ಮಿಷನ್ ಫಾರ್ಮಲ್ಲಿ ಅವ್ರದ್ದೇ ನಂಬರ್ ಕೊಟ್ಟಿದ್ವಿ. ನಾಳಿದ್ದು ಮಧ್ಯಾಹ್ನ 12ಕ್ಕೆ ಲಿಂಕ್ ಓಪನ್ ಅಂತೆ. ಆ ಹೊತ್ತಿಗೆ ಇವ್ರು ಫೋನೇ ಎತ್ತಲ್ಲ.

ಮೇಡಂ: 😄 ಊಟದ ರಶ್‌ನಲ್ಲಿ ಗಲ್ಲೆ ಮೇಲೆ ಕೂತವ್ರು ಓಟಿಪಿ ನೋಡ್ತಾರಾ! ನಾಳೆಯೊಳಗೆ ಆಫೀಸಿಗೆ ಹೋಗಿ ನಂಬರ್ ಚೇಂಜ್ ಮಾಡಿಸಿ, ಆಗ್ಲಿಲ್ಲಾಂದ್ರೆ ಆ ಎರಡು ಗಂಟೆ ಫೋನ್ ಮಗಳ ಕೈಗೆ ಕೊಡ್ಸಿ, ಇಲ್ಲಾ ಅವಳನ್ನೇ ಹೋಟೆಲಿಗೆ ಕಳಿಸಿ ಒಂದು ಟೇಬಲ್ ಹಿಡಿಸಿ ಕೂರಿಸಿ, ಬೇರೆ ದಾರಿ ಇಲ್ಲ. ಸೈಟ್ ಸ್ಲೋ ಆದ್ರೆ ರಿಫ್ರೆಶ್ ಒತ್ತುತ್ತಾ ಇರ್ಬೇಡಿ. ಸಬ್ಮಿಟ್ ಆದ್ಮೇಲೆ ಬರೋ ಪೇಜ್‌ನ ಸ್ಕ್ರೀನ್‌ಶಾಟ್, ಪಿಡಿಎಫ್ ಬಂದ್ರೆ ಅದೂ, ಎರಡೂ ಇಟ್ಕೊಳ್ಳಿ. ಡಿವಿಷನ್ ಲಿಸ್ಟಲ್ಲಿ ಬೇರೆ ಪೇಪರ್ ಬಂತು ಅಂತ ಜಗಳ ಆದಾಗ ಆ ಸ್ಕ್ರೀನ್‌ಶಾಟ್ ಒಂದೇ ಸಾಕ್ಷಿ.

ಪ್ರಶ್ನೆ, ವಿರಾರ್‌ನಿಂದ: ಮೇಡಂ, ಓಇ ಲೆಕ್ಚರ್ ಕೆಲವೊಂದು ಬೆಳಗ್ಗೆ 7ಕ್ಕೆ ಇರತ್ತಂತೆ. ನಮ್ಮ ಹುಡುಗ ವಿರಾರ್‌ನಿಂದ ಚರ್ಚ್‌ಗೇಟ್ ಹೋಗ್ಬೇಕು. ಟೈಮಿಂಗ್ ನೋಡಿ ಸಬ್ಜೆಕ್ಟ್ ತಗೊಂಡ್ರೆ ತಪ್ಪಾ?

ಮೇಡಂ: ತಪ್ಪೇನಿಲ್ಲ, ನೋಡ್ಲೇಬೇಕು. 2 ಕ್ರೆಡಿಟ್ ಥಿಯರಿ ಅಂದ್ರೆ ಸೆಮ್‌ಗೆ 30 ಗಂಟೆ ಕ್ಲಾಸ್, 75 ಪರ್ಸೆಂಟ್ ಅಟೆಂಡೆನ್ಸ್ ಬೇಕು, ಅಂದ್ರೆ ಏಳೂವರೆ ಗಂಟೆಗಿಂತ ಜಾಸ್ತಿ ತಪ್ಪಿಸೋ ಹಾಗಿಲ್ಲ. ಮಳೆಗಾಲದಲ್ಲಿ ಟ್ರ್ಯಾಕ್ ಮೇಲೆ ನೀರು ನಿಂತ ನಾಲ್ಕು ದಿನದಲ್ಲೇ ಅದ್ರಲ್ಲಿ ಅರ್ಧ ಹೋಗತ್ತೆ. ಹೋದ ವರ್ಷದ ಟೈಮ್‌ಟೇಬಲ್ ಯಾವ್ದಾದ್ರೂ ಸೀನಿಯರ್ ಹತ್ರ ಇಸ್ಕೊಳ್ಳಿ, ಸ್ಲಾಟುಗಳು ಅಷ್ಟೇನೂ ಬದಲಾಗಲ್ಲ. ಆದ್ರೆ ಲೇಟ್ ಸ್ಲಾಟ್ ಅಂತ ಒಂದೇ ಕಾರಣಕ್ಕೆ ಹುಡುಗನಿಗೆ ಒಂಚೂರೂ ಇಷ್ಟ ಇಲ್ದಿರೋದನ್ನ ತಗೋಬೇಡಿ, ಅವ್ನು ಅದಕ್ಕೂ ಹೋಗಲ್ಲ. ಐಡಿ ಕಾರ್ಡ್ ಬಂದ ತಕ್ಷಣ ರೈಲ್ವೆ ಕನ್ಸೆಷನ್ ಫಾರ್ಮ್ ಇಸ್ಕೊಳ್ಳೋಕೆ ಹೇಳಿ, ಪಾಸಿಗೆ ಅರ್ಧ ದುಡ್ಡು ಉಳಿಯತ್ತೆ.

ಪ್ರಶ್ನೆ, ಮುಲುಂಡ್‌ನಿಂದ: ಈಗ ಡಿಗ್ರಿ 4 ವರ್ಷ ಕಂಪಲ್ಸರಿನಾ ಮೇಡಂ? ಮತ್ತೆ ಕನ್ನಡ ತಗೊಳ್ಳೋಕೆ ಆಗತ್ತಾ?

ಮೇಡಂ: ಇಲ್ಲ, 3 ವರ್ಷಕ್ಕೆ ಡಿಗ್ರಿ ಸಿಗತ್ತೆ, 4 ಮಾಡಿದ್ರೆ ಆನರ್ಸ್. ಕನ್ನಡ ಡಿಗ್ರಿ ಲೆವೆಲ್‌ಗೆ ಕೊಡೋ ಕಾಲೇಜು ತುಂಬಾ ಕಮ್ಮಿ, ಎಂಎ ಮಾಡೋರಿಗೆ ಕಲಿನಾ ಕ್ಯಾಂಪಸ್‌ನಲ್ಲಿ ಯೂನಿವರ್ಸಿಟಿಯದ್ದೇ ಕನ್ನಡ ವಿಭಾಗ ಇದೆ. ಹತ್ತಿರದ ಕಾಲೇಜಲ್ಲಿ ನಾಲ್ಕು ಜನ ಕೇಳಿದ್ರೆ ಓಇ ಆಗಿ ಕೊಡ್ಬಹುದೇನೋ ಅಂತ ನಂಗೊಂದು ಆಸೆ, ಆದ್ರೆ ಕೇಳೋರೇ ಇಲ್ಲ.

ಪ್ರಶ್ನೆ, ಘಾಟ್‌ಕೋಪರ್‌ನಿಂದ: ಅಕ್ಕಾ, ನಾನು ಸೆಕೆಂಡ್ ಇಯರ್. ಸೆಮ್ 2ರಲ್ಲಿ ಒಂದು ಕೆಟಿ ಇದೆ, ಅಂದ್ರೆ ಒಂದು ಪೇಪರ್ ಪಾಸಾಗದೆ ಬಾಕಿ ಇದೆ. ಸೆಮ್ 3 ರಿಜಿಸ್ಟ್ರೇಷನ್ ಮಾಡ್ಬಹುದಲ್ವಾ?

ಮೇಡಂ: ರಿಸಲ್ಟಲ್ಲಿ ಎಟಿಕೆಟಿ, ಅಂದ್ರೆ ಬಾಕಿ ಪೇಪರ್ ಇಟ್ಕೊಂಡೇ ಮುಂದೆ ಹೋಗ್ಬಹುದು ಅಂತ ಬಂದಿದ್ರೆ ಮಾಡ್ಬಹುದು, ಫೇಲ್ಡ್ ಅಂತ ಬಂದಿದ್ರೆ ಮೊದಲು ಆಫೀಸಿಗೆ ಹೋಗು. ಆದ್ರೆ ಇನ್ನೊಂದು ವಿಷ್ಯ, ಸೆಮ್ 3 ರಿಜಿಸ್ಟ್ರೇಷನ್ ಮಾಡಿದ್ರೆ ಕೆಟಿ ಪರೀಕ್ಷೆಗೂ ಹೆಸರು ಬಂತು ಅನ್ಕೋಬೇಡ. ಕೆಟಿ ಎಕ್ಸಾಂ ಫಾರ್ಮ್ ಬೇರೆ, ಅದರ ಫೀಸ್ ಬೇರೆ, ಲಾಸ್ಟ್ ಡೇಟೂ ಬೇರೆ, ನೋಟೀಸ್ ಹಾಕೋದು ಎಕ್ಸಾಂ ಡಿಪಾರ್ಟ್‌ಮೆಂಟಿನ ಬೋರ್ಡ್ ಮೇಲೆ. ನಿನ್ನ ಕ್ಲಾಸ್ ಗ್ರೂಪಲ್ಲಿ ಅದನ್ನ ಯಾರೂ ಹಾಕಲ್ಲ, ವಾರಕ್ಕೊಂದ್ಸಲ ನೀನೇ ಹೋಗಿ ನೋಡ್ಬೇಕು.