ಅಕ್ಷರಕ್ಕೆ ಬೆವೆಲ್ ಕೊಟ್ಟರೆ ನಡುವೆ ಏಣು, ಬಳುಕಿನಲ್ಲಿ ಗೀರು: ನುಣುಪಾದ ಉಬ್ಬು ತರುವುದು ಹೇಗೆ?

ಬಣ್ಣದಡಬ್ಬಿ (ಪ್ರಶ್ನೆ)

ಫೋಟೋಶಾಪ್‌ನಲ್ಲಿ ‘ಕರ್ನಾಟಕ ರಾಜ್ಯೋತ್ಸವ’ ಎಂದು ಬರೆದು ಅಕ್ಷರಗಳನ್ನು ಉಬ್ಬಿಸಬೇಕಿದೆ. ಕ್ಯಾನ್ವಾಸ್ 3000 × 1500 ಪಿಕ್ಸೆಲ್, 8 ಬಿಟ್. ಅಕ್ಷರದ ಗೆರೆಯ ದಪ್ಪ ಸುಮಾರು 60 ಪಿಕ್ಸೆಲ್, ಒತ್ತುಗಳಲ್ಲಿ 30ರ ಆಸುಪಾಸು. ಅಕ್ಷರಕ್ಕೆ ಉಬ್ಬು ಕೊಡುವ ಲೇಯರ್ ಸ್ಟೈಲ್ ಆದ ಬೆವೆಲ್ ಅಂಡ್ ಎಂಬಾಸ್‌ನಲ್ಲಿ ಇಟ್ಟಿರುವುದು: ಇನ್ನರ್ ಬೆವೆಲ್, ಚಿಸೆಲ್ ಹಾರ್ಡ್, ಡೆಪ್ತ್ 300, ಸೈಜ್ 45, ಸಾಫ್ಟನ್ 0. ಉಳಿದದ್ದೆಲ್ಲ ಡೀಫಾಲ್ಟ್.

ಬೇಕಿರುವುದು ಹುಣಸೆಬೀಜದ ಮೈಯಂಥ ನುಣುಪು. ಬರುತ್ತಿರುವುದು ಬೇರೆ. ಪ್ರತಿ ಗೆರೆಯ ನಡುವೆ ಬೆನ್ನೆಲುಬಿನಂಥ ಏಣು, ‘ಕ’ದ ಸುತ್ತು, ‘ಟ’ದ ಬಳುಕಿನಲ್ಲಿ ಸೂರ್ಯನ ಕಿರಣದಂತೆ ಗೀರುಗಳು, ‘ಜ್ಯೋ’ದಲ್ಲಿ ತುಂಡು ತುಂಡು ಸೇರಿಸಿದಂತೆ ಸಣ್ಣ ಬಿರುಕು. ಹಳದಿ ಅಕ್ಷರದ ನೆರಳು ಪಾಚಿ ಹಿಡಿದ ಹಾಗೆ ಕಾಣುತ್ತದೆ. ಫಾಂಟ್ ಹಳೆಯದು, ಯೂನಿಕೋಡ್ ಅಲ್ಲ. ಎಲ್ಲಿಂದ ಸರಿಮಾಡಲಿ?

ಕುಂಚ ಮತ್ತು ಮೌಸ್

ಏಣಿನಿಂದ ಶುರುಮಾಡೋಣ. ಇನ್ನರ್ ಬೆವೆಲ್ ಅಂಚಿನಿಂದ ಒಳಕ್ಕೆ ‘ಸೈಜ್’ನಷ್ಟು ಪಿಕ್ಸೆಲ್ ಇಳಿಜಾರು ಮಾಡುತ್ತದೆ. ನಿಮ್ಮ ಗೆರೆ 60 ಪಿಕ್ಸೆಲ್, ಅಂದರೆ ಎರಡೂ ಬದಿಯಿಂದ ಬರುವ ಇಳಿಜಾರಿಗೆ ತಲಾ 30 ಮಾತ್ರ ಜಾಗ. ನೀವು 45 ಕೇಳಿದ್ದೀರಿ. ಎರಡೂ ನಡುವೆ ಡಿಕ್ಕಿ ಹೊಡೆದು ಮನೆಯ ಮಾಡಿನ ಹಾಗೆ ಕೂಡುತ್ತವೆ. ಸಾಮಾನ್ಯ ಅಳತೆ: ಸೈಜ್ ಗೆರೆಯ ದಪ್ಪದ ಅರ್ಧಕ್ಕಿಂತ ತುಸು ಕಡಿಮೆ ಇರಲಿ. ನಿಮಗೆ 26ರಿಂದ 28.

ಒತ್ತುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ 13–14 ಮೀರಬಾರದು. ಕನ್ನಡದಲ್ಲಿ ಇದು ತಪ್ಪದ ತಲೆನೋವು. ಒಂದೋ ಒತ್ತುಗಳೂ ದಪ್ಪ ಇರುವ ಫಾಂಟ್ ತೆಗೆದುಕೊಳ್ಳಿ (ಬಾಲೂ ತಮ್ಮ 2ರ ದಪ್ಪ ತೂಕಗಳು ಬೆವೆಲ್‌ಗೆ ಚೆನ್ನಾಗಿ ಒಗ್ಗುತ್ತವೆ), ಇಲ್ಲವೇ ಎಲ್ಲಕ್ಕೂ ಒಂದೇ 14 ಇಟ್ಟು ದೊಡ್ಡ ಅಕ್ಷರದ ನೆತ್ತಿ ಸ್ವಲ್ಪ ಚಪ್ಪಟೆಯಾಗಿರಲಿ ಎಂದು ಒಪ್ಪಿಕೊಳ್ಳಿ. ಒತ್ತನ್ನು ಬೇರೆ ಲೇಯರ್‌ಗೆ ಹಾಕಿ ಬೇರೆ ಸೈಜ್ ಕೊಡುವ ಉಪಾಯ ಮಾತ್ರ ಬೇಡ. ಮೂಲ ಅಕ್ಷರಕ್ಕೆ ಒತ್ತು ತಾಗುವ ಕಡೆ ಎರಡು ಅಂಚು ಮೂಡುತ್ತದೆ.

ಇನ್ನು ಕಿರಣದ ಗೀರು. ಚಿಸೆಲ್ ಹಾರ್ಡ್ ಪ್ರತಿ ಬಿಂದುವಿನ ಎತ್ತರವನ್ನು ಹತ್ತಿರದ ಅಂಚಿನಿಂದ ಅದೆಷ್ಟು ದೂರ ಎಂದು ಅಳೆದು ನಿರ್ಧರಿಸುತ್ತದೆ. ಬಳುಕಿನ ಅಂಚಿನಲ್ಲಿರುವ ಒಂದೊಂದು ಪಿಕ್ಸೆಲ್ ಮೆಟ್ಟಿಲೂ ಒಳಗಿನವರೆಗೆ ಗೀರಾಗಿ ಚಾಚಿಕೊಳ್ಳುತ್ತದೆ. ಡೆಪ್ತ್ 300 ಇದ್ದರೆ ಅದು ಇನ್ನೂ ಎದ್ದು ಕಾಣುತ್ತದೆ. ಹುಣಸೆಬೀಜದ ನುಣುಪಿಗೆ ಹೀಗೆ ಇಡಿ:

ಟೆಕ್ನಿಕ್ ಸ್ಮೂತ್, ಡೆಪ್ತ್ 100–130, ಸೈಜ್ 26 (ಒತ್ತು ತೆಳುವಾಗಿಯೇ ಇದ್ದರೆ ಮೇಲೆ ಹೇಳಿದ 14), ಸಾಫ್ಟನ್ 4–6. ಯೂಸ್ ಗ್ಲೋಬಲ್ ಲೈಟ್ ತೆಗೆದು ಆ್ಯಂಗಲ್ 120, ಆಲ್ಟಿಟ್ಯೂಡ್ 50–60. ಆಲ್ಟಿಟ್ಯೂಡ್ 30ರಲ್ಲೇ ಬಿಟ್ಟರೆ ಬೆಳಕು ಸಂಜೆಯ ಬಿಸಿಲಿನಂತೆ ಓರೆಯಾಗಿ ಬಿದ್ದು ಸಣ್ಣ ತಗ್ಗುದಿಣ್ಣೆಯೂ ಎದ್ದು ಕಾಣುತ್ತದೆ. ಹೊಳಪಿನ ಏರಿಳಿತ ತೋರುವ ಗ್ಲಾಸ್ (Gloss) ಕಾಂಟೂರ್ ಪಕ್ಕದ ಆ್ಯಂಟಿ-ಅಲಿಯಾಸ್ಡ್‌ಗೆ ಟಿಕ್ ಹಾಕಿ. ಎಡಪಟ್ಟಿಯಲ್ಲಿ ಬೆವೆಲ್‌ನ ಕೆಳಗೇ ಇನ್ನೊಂದು ಕಾಂಟೂರ್ ಇದೆ, ಅಲ್ಲಿ ಹಾಫ್ ರೌಂಡ್ ಆರಿಸಿದರೆ ಅಂಚಲ್ಲಿ ಕಡಿದಾಗಿ ಎದ್ದು ನೆತ್ತಿಯಲ್ಲಿ ದುಂಡಾಗುತ್ತದೆ. ಈ ಎರಡು ಕಾಂಟೂರ್‌ಗಳನ್ನು ಒಂದೇ ಅಂದುಕೊಳ್ಳಬೇಡಿ. ಮೊದಲನೆಯದು ಹೊಳಪನ್ನು ಬದಲಿಸುತ್ತದೆ, ಎರಡನೆಯದು ಆಕಾರವನ್ನು. ಕಾಂಟೂರ್‌ನ ಗೆರೆಯನ್ನು ನೀವೇ ತಿದ್ದುವುದಾದರೆ ಪ್ರತಿ ಬಿಂದುವಿನಲ್ಲೂ ‘ಕಾರ್ನರ್’ ಟಿಕ್ ತೆಗೆದಿರಬೇಕು, ಇಲ್ಲವಾದರೆ ಅಲ್ಲೊಂದು ಏಣು ಖಚಿತ.

ಇದೆಲ್ಲವನ್ನೂ ಎರಡು ಪಟ್ಟು ದೊಡ್ಡ ಕ್ಯಾನ್ವಾಸ್‌ನಲ್ಲಿ, 16 ಬಿಟ್ ಮೋಡ್‌ನಲ್ಲಿ ಮಾಡಿ ಕೊನೆಗೆ ಅರ್ಧಕ್ಕೆ ಇಳಿಸಿದರೆ ಇನ್ನೂ ಚೆನ್ನ. ಆಗ ಪಿಕ್ಸೆಲ್ ಲೆಕ್ಕದ ಅಳತೆಗಳೂ ಎರಡು ಪಟ್ಟಾಗಬೇಕು: ಸೈಜ್ 52, ಸಾಫ್ಟನ್ 8–12. ಇಳಿಸುವ ಮೊದಲು ಕಂಟ್ರೋಲ್+ಶಿಫ್ಟ್+ಆಲ್ಟ್+ಇ ಒತ್ತಿ ಎಲ್ಲವನ್ನೂ ಒಂದು ಲೇಯರ್‌ಗೆ ಅಚ್ಚೊತ್ತಿಸಿಕೊಂಡು, ಗಾತ್ರ ಇಳಿಸುವ ವಿಧಾನಗಳಲ್ಲಿ ಬೈಕ್ಯುಬಿಕ್ ಆರಿಸಿ. ಬೈಕ್ಯುಬಿಕ್ ಶಾರ್ಪರ್ ಬೇಡ, ಅಂಚಿಗೆ ಬಿಳಿ ಪ್ರಭೆ ಕಟ್ಟುತ್ತದೆ. ಲೇಯರ್ ಸ್ಟೈಲ್ ಇರುವ ಪಠ್ಯವನ್ನು ಫ್ರೀ ಟ್ರಾನ್ಸ್‌ಫಾರ್ಮ್‌ನಲ್ಲಿ ಎಳೆದು ಚಿಕ್ಕದು ಮಾಡಿದರೆ ಅಕ್ಷರ ಕುಗ್ಗುತ್ತದೆ, ಬೆವೆಲ್ ಅಷ್ಟೇ ಇರುತ್ತದೆ. ಎಷ್ಟೋ ಸಲ ‘ಇದ್ದಕ್ಕಿದ್ದಂತೆ ಕೆಟ್ಟಿತು’ ಎನ್ನುವುದರ ಮೂಲ ಇದೇ.

ಒತ್ತಕ್ಷರ

‘ಜ್ಯೋ’ದ ಬಿರುಕಿಗೆ ಬೆವೆಲ್ ಕಾರಣವಲ್ಲ, ಫಾಂಟ್ ಕಾರಣ. ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಜೆ, ಯ-ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ತುಂಡು, ಪಕ್ಕಪಕ್ಕ ಕೂರಿಸಿದ್ದು. ಕೂಡುವ ಕಡೆ ಎರಡೂ ತುಂಡಿನ ಅಂಚು ಅರ್ಧ ಪಾರದರ್ಶಕ. ಶೇ. 50ರ ಮೇಲೆ ಶೇ. 50 ಬಿದ್ದರೆ ಆಗುವುದು ಶೇ. 75, ಪೂರ್ತಿ 100 ಅಲ್ಲ. ಬರಿಗಣ್ಣಿಗೆ ಕಾಣದ ಆ ಕೊರತೆಯನ್ನು ಬೆವೆಲ್ ಕಣಿವೆ ಎಂದು ಓದುತ್ತದೆ.

ಪರಿಹಾರ: ಟೈಪ್ ಮೆನುವಿನಲ್ಲಿ ಕನ್ವರ್ಟ್ ಟು ಶೇಪ್. ಪಾತ್ ಸೆಲೆಕ್ಷನ್ ಟೂಲ್‌ನಿಂದ ಆ ತುಂಡನ್ನು ಹಿಡಿದು ಬಾಣದ ಕೀಲಿಯಿಂದ ಒಂದೆರಡು ಪಿಕ್ಸೆಲ್ ಒಳಕ್ಕೆ ಸರಿಸಿ, ನಿಜವಾಗಿ ಒಂದರ ಮೇಲೊಂದು ಹತ್ತಬೇಕು. ಆಮೇಲೆ ಎಲ್ಲ ತುಂಡು ಆಯ್ದು ಯುನೈಟ್ ಶೇಪ್ಸ್, ಕೊನೆಗೆ ಮರ್ಜ್ ಶೇಪ್ ಕಾಂಪೊನೆಂಟ್ಸ್. ಸರಿಸದೆ ಬರೀ ಮರ್ಜ್ ಮಾಡಿದರೆ ಸಂದು ಹಾಗೇ ಉಳಿಯುತ್ತದೆ. ಯೂನಿಕೋಡ್ ಫಾಂಟ್‌ನಲ್ಲಿ ಈ ಕೆಲಸ ಬಹಳ ಕಡಿಮೆ, ಆದರೂ ಒತ್ತು ಮೂಲಾಕ್ಷರಕ್ಕೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿದೆಯೇ ಎಂದು ಶೇ. 400 ಹಿಗ್ಗಿಸಿ ನೋಡುವುದು ಒಳ್ಳೆಯದು.

ಬಣ್ಣದಡಬ್ಬಿ

ಇಬ್ಬರಿಗೂ ಥ್ಯಾಂಕ್ಸ್. ಏಣು, ಗೀರು, ಬಿರುಕು ಮೂರೂ ಹೋದವು. ಈಗ ಅಂಚು ತೀರಾ ಮೆತ್ತಗಾಗಿ ಸಾಬೂನಿನ ಹಾಗೆ ಕಾಣುತ್ತದೆ. ನೆತ್ತಿ ನುಣುಪಾಗಿದ್ದು ಅಂಚು ಮಾತ್ರ ಚೂಪಾಗಿ ಮಿಂಚಬೇಕಾದರೆ? ಉಚಿತ ತಂತ್ರಾಂಶ ಗಿಂಪ್‌ನಲ್ಲೂ ಇದನ್ನೇ ಮಾಡಬಹುದಾ?

ಕುಂಚ ಮತ್ತು ಮೌಸ್

ಒಂದೇ ಲೇಯರ್‌ಗೆ ಎರಡು ಬೆವೆಲ್ ಹಾಕಲು ಬರುವುದಿಲ್ಲ, ನೆರಳು ಮತ್ತು ಸ್ಟ್ರೋಕ್‌ಗಾದರೆ ಆ ಅವಕಾಶವಿದೆ. ಹಾಗಾಗಿ ಲೇಯರ್ ನಕಲು ಮಾಡಿ, ಮೇಲಿನದರ ಫಿಲ್ ಶೇ. 0ಗೆ ಇಳಿಸಿ. ಒಪಾಸಿಟಿ ಅಲ್ಲ, ಫಿಲ್: ಅದು ಅಕ್ಷರದ ಬಣ್ಣವನ್ನಷ್ಟೇ ಮಾಯಮಾಡುತ್ತದೆ, ಬೆವೆಲ್ ಉಳಿಯುತ್ತದೆ. ಆ ನಕಲಿಗೆ ಚಿಸೆಲ್ ಹಾರ್ಡ್, ಸೈಜ್ 3, ಸಾಫ್ಟನ್ 1, ಶಾಡೋ ಒಪಾಸಿಟಿ 0. ಮೂರು ಪಿಕ್ಸೆಲ್ ಅಗಲದಲ್ಲಿ ಚಿಸೆಲ್‌ನ ಗೀರುಗಳಿಗೆ ಬೆಳೆಯಲು ಜಾಗವೇ ಇರುವುದಿಲ್ಲ.

ಗಿಂಪಣ್ಣ

ಗಿಂಪ್‌ನಲ್ಲಿ ಡೆಕೋರ್ ಮೆನುವಿನ ಆ್ಯಡ್ ಬೆವೆಲ್ ಇದೆ, ಆದರೆ ಅದರ ದಪ್ಪ 30 ಪಿಕ್ಸೆಲ್ ದಾಟುವುದಿಲ್ಲ. ಬೂದುಬಣ್ಣದ ನಕ್ಷೆಯನ್ನು ಎತ್ತರ-ತಗ್ಗು ಎಂದು ಓದಿ ಬೆಳಕು-ನೆರಳು ಮೂಡಿಸುವ ಬಂಪ್ ಮ್ಯಾಪ್‌ಗೆ ಎತ್ತರದ ನಕ್ಷೆಯನ್ನು ಕೈಯಾರೆ ಮಾಡಿಕೊಳ್ಳುವುದೇ ಮೇಲು.

ಮೊದಲ ಕೆಲಸ, ಇಮೇಜ್ ಮೆನುವಿನ ಪ್ರಿಸಿಷನ್‌ನಲ್ಲಿ 32 ಬಿಟ್ ಫ್ಲೋಟಿಂಗ್ ಪಾಯಿಂಟ್ (ಗಿಂಪ್ 2.10ರಿಂದ ಲಭ್ಯ). ಯಾಕೆಂದರೆ ಬಂಪ್ ಮ್ಯಾಪ್ ಎತ್ತರವನ್ನು ನೋಡುವುದಿಲ್ಲ, ಪಕ್ಕದ ಪಿಕ್ಸೆಲ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನೋಡುತ್ತದೆ. 8 ಬಿಟ್‌ನಲ್ಲಿ ಇರುವುದು 256 ಮೆಟ್ಟಿಲು. ಉದಾಹರಣೆಗೆ, 600 ಪಿಕ್ಸೆಲ್ ಅಗಲದ ಇಳಿಜಾರಿನಲ್ಲಿ ಒಂದೊಂದು ಮೆಟ್ಟಿಲೂ ಎರಡು ಪಿಕ್ಸೆಲ್‌ಗೂ ಹೆಚ್ಚು ಅಗಲ: ಸಮತಟ್ಟು, ಸಮತಟ್ಟು, ಜಿಗಿತ. ಬೂದುಬಣ್ಣದಲ್ಲಿ ನುಣುಪಾಗಿಯೇ ಕಂಡ ನಕ್ಷೆ ಬೆಳಕು ಬಿದ್ದೊಡನೆ ಪಟ್ಟೆಪಟ್ಟೆಯಾಗುತ್ತದೆ. ಬ್ಲರ್ ಆದಮೇಲೆ ಪ್ರಿಸಿಷನ್ ಏರಿಸಿ ಉಪಯೋಗವಿಲ್ಲ, ಮೆಟ್ಟಿಲು ಆಗಲೇ ಕೂತಿರುತ್ತದೆ.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ನಾಲ್ಕು ಲೇಯರ್ ಮಾಡಿ. ಕೆಳಗಿನಿಂದ ಗಾಸಿಯನ್ ಬ್ಲರ್ 24, 12, 6, 3. ಒಪಾಸಿಟಿ ಅದೇ ಕ್ರಮದಲ್ಲಿ ಶೇ. 100, 50, 33, 25. ಹೀಗೆ ಇಟ್ಟರೆ ನಾಲ್ಕಕ್ಕೂ ಸಮಪಾಲು ಸಿಗುತ್ತದೆ. ನ್ಯೂ ಫ್ರಮ್ ವಿಸಿಬಲ್‌ನಿಂದ ಒಂದಾಗಿಸಿ. ಈಗ ಅಕ್ಷರದ ಹೊರಗೂ ಬೂದು ಹರಡಿರುತ್ತದೆ. ಲೆವೆಲ್ಸ್ ತೆರೆದು ಕಪ್ಪು ಬಿಂದುವಿನ ಪಿಕರ್‌ನಿಂದ ಗೆರೆಯ ನೇರ ಭಾಗದ ಅಂಚನ್ನೇ ಕ್ಲಿಕ್ ಮಾಡಿ. 0–255ರ ನಡುಮಧ್ಯ ಎಂದು 128 ಅನ್ನು ಕುರುಡಾಗಿ ಹಾಕಬೇಡಿ. ಬ್ಲರ್ ಲೀನಿಯರ್ ಬೆಳಕಿನಲ್ಲಿ (ಬೆಳಕಿನ ನಿಜವಾದ ಪ್ರಮಾಣದ ಲೆಕ್ಕದಲ್ಲಿ) ನಡೆದಿದ್ದರೆ ಅಂಚಿನ ಬೆಲೆ 188ರ ಹತ್ತಿರ ಇರುತ್ತದೆ. ಗೆರೆಯ ತುದಿಗಳು ತೀರಾ ಕರಗಿದರೆ ಕಪ್ಪು ಬಿಂದುವನ್ನು ಸ್ವಲ್ಪ ಎಡಕ್ಕೆ ತನ್ನಿ.

ಬಳಿಕ ಬಣ್ಣದ ಲೇಯರ್ ಮೇಲೆ ನಿಂತು ಫಿಲ್ಟರ್ಸ್, ಮ್ಯಾಪ್, ಬಂಪ್ ಮ್ಯಾಪ್. ಆಕ್ಸ್ ಇನ್‌ಪುಟ್‌ಗೆ ಈ ನಕ್ಷೆ ಕೊಡಿ. ಅಜಿಮತ್ (ಬೆಳಕಿನ ದಿಕ್ಕು) 135, ಎಲಿವೇಷನ್ (ಬೆಳಕಿನ ಎತ್ತರ) 45–55. ಡೆಪ್ತ್ 10ರಿಂದ ಶುರುಮಾಡಿ ಕಣ್ಣಳತೆಯಲ್ಲಿ ಏರಿಸಿ.

ಒತ್ತಕ್ಷರ

ಪಾಚಿ ನೆರಳನ್ನು ಎಲ್ಲರೂ ಮರೆತರು. ಹಳದಿಯ ಮೇಲೆ ಕಪ್ಪನ್ನು ಮಲ್ಟಿಪ್ಲೈ (ಬಣ್ಣವನ್ನು ಗಾಢಮಾಡುವ ಬೆರಕೆ ವಿಧಾನ) ಮಾಡಿದರೆ ಆಲಿವ್ ಹಸಿರಿನಂತೆ ಕಾಣುವುದು ಸಹಜ. ಶಾಡೋ ಬಣ್ಣಕ್ಕೆ ಕೆಂಪು 110, ಹಸಿರು 40, ನೀಲಿ 0 ಹಾಕಿ, ಬೆಲ್ಲದ ಬಣ್ಣ ಬರುತ್ತದೆ. ಹೈಲೈಟ್‌ಗೆ ಅಚ್ಚ ಬಿಳಿಯ ಬದಲು ಕೆನೆಬಣ್ಣ.

ರಾಜ್ಯೋತ್ಸವದ ಚಿತ್ರದಲ್ಲಿ ಕೆಂಪು–ಹಳದಿ ಜೋಡಿ ಇದ್ದರೆ ಜೆಪೆಗ್ ಉಳಿಸುವಾಗಲೂ ಎಚ್ಚರ. ಫೋಟೋಶಾಪ್‌ನ ಸೇವ್ ಆ್ಯಸ್‌ನಲ್ಲಿ ಗುಣಮಟ್ಟ 6 ಅಥವಾ ಕೆಳಗಿದ್ದರೆ ಬಣ್ಣದ ವಿವರ ಅರ್ಧ ರೆಸಲ್ಯೂಷನ್‌ಗೆ ಇಳಿದು ಕೆಂಪಿನ ಅಂಚು ಕಲಸಿಹೋಗುತ್ತದೆ. 10ಕ್ಕಿಂತ ಮೇಲಿಡಿ. ವಾಟ್ಸ್‌ಆ್ಯಪ್‌ನಲ್ಲಿ ಪ್ರಿಂಟಿಗೆ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.